ಚಿಮ್ಮವ್ವ ಭಾಂಡಿ ತಿರುಗಿಸಿದ್ದು

"ಇಷ್ಟೊಂದು ಭಾಂಡಿ ನನ್ನ ಮನಿಗೆ ಯಾವಾಗ ಬಂದ್ವು?"

ಚಿಮ್ಮವ್ವ ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಆಕೆಯನ್ನು ಬಿಟ್ಟರೆ ಇದ್ದದ್ದು ಗೋಡೆಯ ಮೇಲೊಂದು ಹಲ್ಲಿ, ನೆಲದ ಮೇಲೆ ಬಾಯಿ ತೆರೆದ ಸೂಟ್‌ಕೇಸು, ಕಿಟಕಿಯಿಂದ ತೂರಿ ಬಂದ ಸಂಕ್ರಾಂತಿಯ ಆಚೆಯ ಎಳೆಬಿಸಿಲು. ಹಲ್ಲಿ ಲೊಚಗುಟ್ಟಿತು. ಅದನ್ನೇ ಉತ್ತರವೆಂದುಕೊಂಡು ಆಕೆ ಜೋರಾಗಿ ನಕ್ಕಳು. ತನ್ನೊಡನೆ ತಾನು ಆಡಿಕೊಳ್ಳುವ ಮಾತೂ ಈಗ ಕರಜಗಿಯ ಕನ್ನಡದಲ್ಲೇ ಬಾಯಿಗೆ ಬರುತ್ತಿತ್ತು!

ಆಕೆಯ ಊರು ಬಲು ದೂರ. ಆಫ್ರಿಕಾದ ಮಲಾವಿ ದೇಶದಲ್ಲಿ ಜೋಂಬಾ ಬೆಟ್ಟದ ಬುಡ. ಹೆಸರು ಚಿಮ್ವೆಮ್ವೆ, ಅವರ ಮಾತಿನಲ್ಲಿ ಹಾಗೆಂದರೆ ಸಂತೋಷ. ತೊಗರಿ ತಳಿಗಳನ್ನು ನೋಡಿಕೊಳ್ಳುವ ಕೆಲಸದ ಮೇಲೆ ಭೀಮೆಯ ಈ ಸೀಮೆಗೆ ಬಂದು, ಕರಜಗಿಯ ಜಗದೇವಪ್ಪ ಮತ್ತು ಹೀರಾಬಾಯಿಯವರ ಮನೆಯ ಮುಂದಿನ ಕೋಣೆ ಹಿಡಿದಿದ್ದಳು. ಬಂದ ದಿನವೇ ಜಗದೇವಪ್ಪ ಆ ಹೆಸರನ್ನು ಬಿಸಿ ಗೆಣಸಿನಂತೆ ಬಾಯಲ್ಲಿ ಹೊರಳಾಡಿಸಿ, "ಚಿಮ್ವೆ... ಚಿಮ್ಮೆ... ಏ, ಚಿಮ್ಮವ್ವ ಅಂದ್ರ ನಡೀತದೇನಬೇ?" ಎಂದು ಕೈ ಮುಗಿದಿದ್ದ. ನಡೆಯಿತು. ಚಿಮ್ಮುವುದೆಂದರೆ ಏನೆಂದು ಆಮೇಲೆ ಯಾರೋ ಆಕೆಗೆ ಹೇಳಿದರು, ನೆಲದೊಳಗಿನ ನೀರು ಪುಟಿದು ಮೇಲೇಳುವುದು ಎಂದು. "ಹಂಗಂದ್ರ ನನ್ನ ಹೆಸರೇ ಅಲ್ಲೇನ್ರಿ ಅದು!" ಎಂದು ಆಕೆ ಕುಣಿದಾಡಿದ್ದಳು.

ತೊಗರಿಗೆ ಅವರಲ್ಲಿ 'ನಂದೋಲೋ' ಎನ್ನುತ್ತಾರೆ. ಅದನ್ನು ಕೇಳಿದ ದಿನದಿಂದ ಜಗದೇವಪ್ಪನಿಗೆ ಕಟ್ಟೆಯ ಮೇಲೆ ಹೇಳಿಕೊಳ್ಳಲು ಒಂದು ಕಥೆ ಸಿಕ್ಕಿತ್ತು. "ಅಕಿ ಊರಾಗ ಹೊಲಕ್ಕ ಹೋಗಿ ತೊಗರಿ ಅಂದ್ರ ಸಾಕು, ಎಲ್ಲಾರೂ 'ನಂದೋ ಲೋ, ನಂದೋ ಲೋ' ಅಂತ ಜಗಳಕ್ಕ ಬರ್ತಾರಂತ!"

ಈಗ ಎರಡನೆಯ ವರ್ಷದ ತೊಗರಿ ರಾಶಿಯೂ ಮುಗಿದಿತ್ತು. ಕೆಲಸವೂ ಮುಗಿದಿತ್ತು. ಗುರುವಾರ ಮುಂಜಾನೆ ಆಕೆ ಊರಿಗೆ ಹೊರಡುವವಳು. ಅಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿರುವ ಮಗಳು ತಾದಾಲಾ ಮುಂದಿನ ಹಲ್ಲು ಬಿದ್ದು ಹೊಸ ಹಲ್ಲು ಬಂದವಳಾಗಿದ್ದಳು. ಅವಳನ್ನು ನೆನೆದರೆ ಚಿಮ್ಮವ್ವನ ಎದೆ ಹುರಿದ ಜೋಳದಂತೆ ಪಟಪಟ ಅರಳುತ್ತಿತ್ತು. ಇಲ್ಲಿಯದನ್ನು ನೆನೆದರೂ ಹಾಗೆಯೇ. ಎರಡೂ ಕಡೆಯ ಸಡಗರ ಒಂದೇ ಎದೆಯಲ್ಲಿ ಹಿಡಿಯದೆ, ಆಕೆ ಸೋಮವಾರ ಮುಂಜಾನೆಯಿಂದ ಸುಮ್ಮನೆ ಕೂತವಳಲ್ಲ.

ಸಾಮಾನು ಕಟ್ಟಲು ಹೋದಾಗ ಸಿಕ್ಕಿದ್ದೇ ಈ ಭಾಂಡಿಗಳು. ಸ್ಟೀಲಿನ ಡಬ್ಬಿ, ಪರಾತ, ಬಟ್ಟಲ, ಮುಚ್ಚಳ ಬೇರೆಯದಾದ ಒಂದು ಡಬರಿ. ಯಾರದೆಂದು ತಿಳಿಯುವುದು ಕಷ್ಟವಿರಲಿಲ್ಲ. ಈ ಕಡೆ ಪ್ರತಿ ಮನೆಯೂ ಭಾಂಡಿಯ ಅಂಚಿಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿರುತ್ತದೆ. ಚಿಮ್ಮವ್ವ ಕನ್ನಡದ ಅಕ್ಷರ ಕಲಿತದ್ದೇ ಅದರ ಮೇಲೆ. ಮಾರುಕಟ್ಟೆಯ ಬೋರ್ಡು ಓದುವ ಮೊದಲೇ ಆಕೆ 'ಶಿವಕಾಂತಾ' ಓದಿದ್ದಳು, ಹೀರಾಬಾಯಿಯ ಸೊಸೆ 'ಶಾಂಭವಿ'ಯನ್ನು ಓದಿದ್ದಳು. ಎದುರು ಮನೆಯ ಜೀನತಳ ಡಬ್ಬಿಯಲ್ಲಿ ಮಾತ್ರ ಹೆಸರಿರಲಿಲ್ಲ. ಅದನ್ನು ಮೂಗಿನಿಂದಲೇ ಗುರುತಿಸಬಹುದಿತ್ತು. ಜೀನತಳ ಗಂಡ ಖಮರ ಭೀಮೆಯಲ್ಲಿ ಬಲೆ ಹಾಕುವವ. ಕಡಲಿನಂಥ ಸರೋವರದ ಮೀನು ತಿಂದು ಬೆಳೆದ ಚಿಮ್ಮವ್ವನಿಗೆ ವಾರಕ್ಕೊಮ್ಮೆ ಆ ಮನೆಯಲ್ಲಿ ಊಟ. ಲಿಂಗ ಕಟ್ಟಿದ ಹೀರಾಬಾಯಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ, "ಇವತ್ತ ಜೀನತನ ಮನ್ಯಾಗ ಬದನಿಕಾಯಿ ಉಂಡಿಯೇನು?" ಎಂದಷ್ಟೇ ಕೇಳುವಳು. "ಹೌದ್ರಿ ಆಯಿ, ಮುಳ್ಳಿನ ಬದನಿಕಾಯಿ," ಎಂದು ಚಿಮ್ಮವ್ವ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಕೊನೆಗೆ, ಎಲ್ಲದರ ಹಿಂದೆ, ಒಂದು ಸಣ್ಣ ಹಿತ್ತಾಳಿ ಬಟ್ಟಲ. ಅದರ ಅಂಚಿಗೆ 'ಹೀರಾ, ಆಳಂದ' ಎಂದಿತ್ತು. ಹೀರಾಬಾಯಿಯ ತವರು ಆಳಂದ. ಮದುವೆಯ ದಿನ ಅಲ್ಲಿಂದ ಬಂದ ಬಟ್ಟಲ. ಚಿಮ್ಮವ್ವ ಈ ಊರಲ್ಲಿ ಕಾಲಿಟ್ಟ ಮಧ್ಯಾಹ್ನ ಹೀರಾಬಾಯಿ ಬೆಲ್ಲದ ಉಂಡೆ ಇಟ್ಟು ಕೊಟ್ಟದ್ದು ಅದರಲ್ಲೇ. ಚಿಮ್ಮವ್ವ ಬೆಲ್ಲ ತಿಂದು, ಬಟ್ಟಲ ಬೂದಿಯಲ್ಲಿ ತಿಕ್ಕಿ ಬಂಗಾರ ಮಾಡಿ, ಹೆಮ್ಮೆಯಿಂದ ತಿರುಗಿ ಕೊಟ್ಟಿದ್ದಳು. ಹೀರಾಬಾಯಿಯ ಮುಖ ಬಾಡಿತು. ಕೈ ಮುಂದೆ ಬರಲಿಲ್ಲ. ಶಾಂಭವಿ ಓಡಿಬಂದು ಕಿವಿಯಲ್ಲಿ ಹೇಳಿದ್ದಳು: "ಖಾಲಿ ಭಾಂಡಿ ತಿರುಗಿಸಬಾರದು ಅಕ್ಕಾ. ಇವರು ಹಿಡಿಯಂಗಿಲ್ಲ. ಚಿಟಿಕಿ ಸಕ್ಕರಿನಾರ ಇಟ್ಟು ಕೊಡು."

ಅಂದಿನಿಂದ ಚಿಮ್ಮವ್ವ ಖಾಲಿ ಭಾಂಡಿ ಕೊಟ್ಟವಳಲ್ಲ. ಆಕೆ ಶೇಂಗಾ ಇಟ್ಟು ಕೊಟ್ಟರೆ ಅವರು ಪುಂಡಿಪಲ್ಯ ಇಟ್ಟು ಕಳಿಸುವರು. ಪಲ್ಯ ಉಂಡು ಆಕೆ ಬಾಳೆಹಣ್ಣಿಟ್ಟು ಕೊಟ್ಟರೆ ಅವರು ಹಿಂಡಿ, ಎಂದರೆ ಚಟ್ನಿಪುಡಿ, ತುಂಬಿ ಕಳಿಸುವರು. ಮಗ್ಗದ ಲಾಳಿಯಂತೆ ಭಾಂಡಿಗಳು ಓಣಿಯ ಆಚೆ ಈಚೆ ಓಡಾಡುತ್ತಲೇ ಇದ್ದವು. ಯಾರ ಮನೆಯಲ್ಲೂ ನಿಂತವಲ್ಲ.

ಈಗ ನಿಲ್ಲಿಸಬೇಕಿತ್ತು. ಪರರ ಒಂದು ಭಾಂಡಿಯನ್ನೂ ಇಟ್ಟುಕೊಂಡು ಊರು ಬಿಡಬಾರದು ಎಂಬುದು ಚಿಮ್ಮವ್ವನ ಮಟ್ಟಿಗೆ ಬರೀ ಶಿಸ್ತಿನ ಮಾತಲ್ಲ; ಅದು ಆಕೆಯ ಅಜ್ಜಿ ಹಾಲಿನ ಜೊತೆ ಕುಡಿಸಿದ ಮಾತು. ಆ ಹಿತ್ತಾಳಿ ಬಟ್ಟಲನ್ನು ಕೊನೆಗೆಂದು ಎತ್ತಿಟ್ಟು, ಉಳಿದ ಭಾಂಡಿಗಳನ್ನೆಲ್ಲ ಬುಟ್ಟಿಗೆ ತುಂಬಿ, ಪ್ರತಿಯೊಂದರಲ್ಲೂ ಕುಸುರೆಳ್ಳು ಹಾಕಿ, ಬುಟ್ಟಿ ತಲೆಯ ಮೇಲಿಟ್ಟುಕೊಂಡು ಆಕೆ ಹೊರಬಿದ್ದಳು. ಆಗಿನ್ನೂ ಓಣಿಯ ತುಂಬ ರೊಟ್ಟಿ ಬಡಿಯುವ ಹೊತ್ತು. ಒಂದು ಮನೆಯ ಪಟಪಟ ಮುಗಿಯುವಷ್ಟರಲ್ಲಿ ಇನ್ನೊಂದು ಮನೆಯದು ಎತ್ತಿಕೊಳ್ಳುತ್ತಿತ್ತು, ಭಜನೆಯಲ್ಲಿ ಮೇಳದವರು ಪಲ್ಲವಿ ಎತ್ತಿಕೊಂಡಂತೆ. ಒಮ್ಮೆ ಫೋನಿನಲ್ಲಿ ಈ ಸದ್ದು ಕೇಳಿ ಮಗಳು, "ಅಮ್ಮಾ, ಅಲ್ಲಿ ಯಾರಿಗೆ ಚಪ್ಪಾಳೆ ಹೊಡೀತಿದಾರೆ?" ಎಂದು ಕೇಳಿದ್ದಳು. "ಬೆಳಗಾಯಿತಲ್ಲ, ಬೆಳಗಿಗೆ," ಎಂದಿದ್ದಳು ತಾಯಿ. ಆಮೇಲೆ ಯೋಚಿಸಿದರೆ ಅದು ಸುಳ್ಳೇನೂ ಆಗಿರಲಿಲ್ಲ.

ಮೊದಲ ಮನೆ ಶಿವಕಾಂತಾಳದು. ಒಲೆಯ ಮುಂದಿಂದ ಎದ್ದು ಬಂದ ಶಿವಕಾಂತಾ ಡಬ್ಬಿ ಇಸಿದುಕೊಂಡು ಒಳಗೆ ಹೋದಳು. ಬರುವಾಗ ಅದರ ತುಂಬ ಶೇಂಗಾದ ಹೋಳಿಗೆ.

"ಶಿವಕಾಂತಾ, ನಾ ಡಬ್ಬಿ ಕೊಡಾಕ ಬಂದೀನಿ."

"ಕೊಡು. ಯಾರ ಬ್ಯಾಡಂದ್ರು?"

"ಮತ್ತ ತುಂಬಾಕತ್ತಿಯಲ್ಲ!"

"ಊರಿಗೆ ಹೋಗೋ ಹೆಣ್ಮಗಳು ನಮ್ಮ ಮನಿಯಿಂದ ಖಾಲಿ ಕೈಲೆ ಹೋಗ್ತಾಳೇನು? ನಮ್ಮತ್ತಿ ಇದ್ದಿದ್ರ ನನ್ನ ಜಡಿ ಹಿಡಿದು ಕೇಳ್ತಿದ್ಲು. ತಡೀ, ಬರೀ ಹೋಳಿಗಿ ಹ್ಯಾಂಗ ಕಳಸೋದು? ಅದಕ್ಕ ಜೋಡಿ ಬೇಕಲ್ಲ." ಇನ್ನೊಂದು ಬಟ್ಟಲಲ್ಲಿ ತುಪ್ಪ ಬಂತು.

ಜೀನತಳ ಮನೆಯಲ್ಲೂ ಅದೇ. "ಯಾ ಅಲ್ಲಾ, ಡಬ್ಬಿ ತಂದಿಯಾ? ಛಲೋ ಆತು, ಇದನ್ನ ಹಾಕಾಕ ಡಬ್ಬಿನೇ ಇರಲಿಲ್ಲ ನೋಡು," ಎಂದು ಶ್ಯಾವಿಗೆ ತುಂಬಿದಳು. ಉಳಿದ ಮನೆಗಳ ಕಥೆ ಬೇರೆಯಲ್ಲ. ಬಿಸಿಲೇರುವ ಹೊತ್ತಿಗೆ ಚಿಮ್ಮವ್ವ ತಲೆಯ ಮೇಲೊಂದು ಬುಟ್ಟಿ, ಕಂಕುಳಲ್ಲಿ ಇನ್ನೊಂದು ಬುಟ್ಟಿ ಹೊತ್ತು ತಿರುಗಿ ಬಂದಳು. ಕಟ್ಟೆಯ ಮೇಲೆ ಕೂತ ಜಗದೇವಪ್ಪ ಕನ್ನಡಕ ಏರಿಸಿ ನೋಡಿದ.

"ಏನ ಚಿಮ್ಮವ್ವ, ಭಾಂಡಿ ಅಂಗಡಿ ಹಾಕಾಕತ್ತಿಯೇನು?"

"ಕಾಕಾ, ಇವನ್ನ ತಿರಗಿಸೋದು ಹ್ಯಾಂಗ ಹೇಳ್ರಿ."

"ಅದು ಗೊತ್ತಿದ್ದಿದ್ರ ನಾ ಇಷ್ಟು ದಪ್ಪ ಆಗ್ತಿದ್ನೇನು?" ಎಂದು ಆತ ಹೊಟ್ಟೆ ಸವರಿಕೊಂಡ.

ಮಂಗಳವಾರ ಜೇವರ್ಗಿಗೆ ಕೊನೆಯ ಬಾರಿ ಹೋಗುವುದಿತ್ತು. ಅಲ್ಲಿಯ ಹೊಲದ ಮನೆಯ ಕೀಲಿ ಮತ್ತು ಬೀಜದ ಚೀಲಗಳನ್ನು ಒಪ್ಪಿಸಬೇಕು. ಕೆಲಸ ಬೇಗ ಮುಗಿಯಿತು. ಚಿಮ್ಮವ್ವ ಮಾತ್ರ ಬಸ್‌ ನಿಲ್ದಾಣ ಬಿಟ್ಟು ಏಳಲಿಲ್ಲ. ವಿಜಯಪುರದ ಕಡೆಯ ಬಸ್ಸು ಬಂದಾಗ ಏಳುವ ಧೂಳಿನ ಮೋಡ, ಕಂಡಕ್ಟರರ "ಸಿಂದಗಿ ಸಿಂದಗಿ ಸಿಂದಗೀ" ಎಂಬ ಹಾಡು, ತೊಗರಿ ಚೀಲ ಹೇರಿದ ಲಾರಿಯ ಹಾರ್ನು, ಚೀಲದ ಮೇಲೆ ಮಲಗಿದವನ ಗೊರಕೆ, ಕಾಯ್ದ ಎಣ್ಣೆಯಲ್ಲಿ ಮಿರ್ಚಿ ಬಿದ್ದಾಗಿನ ಚೊಂಯ್. ಬಂದ ಹೊಸದರಲ್ಲಿ ಇದೆಲ್ಲ ಒಂದೇ ಗದ್ದಲವಾಗಿ ಆಕೆಯ ತಲೆ ನೋಯಿಸಿತ್ತು. ಈಗ ಒಂದೊಂದು ದನಿಯೂ ಬೇರೆ ಬೇರೆಯಾಗಿ, ತನ್ನ ತನ್ನ ಜಾಗದಲ್ಲಿ ಕೂತು ಕೇಳಿಸುತ್ತಿತ್ತು. ಕೇಳುತ್ತ ಕೇಳುತ್ತ ಆಕೆಯ ಕಾಲು ತಾಳ ಹಾಕತೊಡಗಿತು.

ಭಜಿ ಅಂಗಡಿಯ ಗುರುನಾಥ ಮಂಡಕ್ಕಿ ಸೂಸಲದ ಮೇಲೆ ಎರಡು ಮಿರ್ಚಿ ಇಟ್ಟು ತಂದ. "ಚಿಮ್ಮಾಬಾಯಿ, ಖಾರ ಕಡಿಮಿದು ಕೊಡ್ಲಿ?"

"ಇವತ್ತ ಖಾರದ್ದೇ ಕೊಡ್ರಿ. ಬಾಯಾಗ ಉಳೀಬೇಕು, ಜೋಂಬಾ ಮುಟ್ಟೋತನ!"

ಖಾರ ಉಳಿಯಿತು. ಕಣ್ಣಲ್ಲಿ ನೀರು ಬಂತು, ಮೂಗಲ್ಲಿ ಬಂತು. ಆಕೆ ಹಾ ಹೂ ಎನ್ನುತ್ತ ನಕ್ಕಳು, ನಗುತ್ತ ಇನ್ನೊಂದು ಕಚ್ಚಿದಳು. ಪಕ್ಕದ ಬೆಂಚಿನ ಅಜ್ಜ ತನ್ನ ಚಹಾವನ್ನೇ ಆಕೆಯ ಮುಂದೆ ಸರಿಸಿ, "ಕುಡಿಯವ್ವ, ನಾ ಇನ್ನೊಂದು ತರಸ್ತೇನಿ," ಎಂದ. ಯಾರು, ಎಲ್ಲಿಯವಳು ಎಂದು ಕೇಳಲೂ ಇಲ್ಲ.

ತಿರುಗಿ ಬರುವಾಗ ಘತ್ತರಗಿಯಲ್ಲಿ ಇಳಿದು ಮಾಳಿಂಗಪ್ಪನ ಟಂಟಂ ಹತ್ತಿದಳು. ಮೂರು ಗಾಲಿಯ ಆ ಬಂಡಿಯಲ್ಲಿ ಚಾಲಕನ ಪಕ್ಕದ ಅರ್ಧ ಸೀಟು ಎಂದಿನಿಂದಲೂ ಆಕೆಯದೇ. ಭಾಗ್ಯವಂತಿಯ ಗುಡಿಯ ಗಂಟೆ ಕೇಳುತ್ತಲೇ ಮಾಳಿಂಗಪ್ಪ ಗಾಡಿ ನಿಲ್ಲಿಸಿ ಇದ್ದಲ್ಲಿಂದಲೇ ಕೈ ಮುಗಿದ. ಕೆಳಗೆ ಭೀಮೆ ಚಳಿಗಾಲದ ತಿಳಿಯಲ್ಲಿ ಮೆಲ್ಲಗೆ ಹರಿಯುತ್ತಿದ್ದಳು. ಖಮರನ ತೆಪ್ಪವಿರಬೇಕು, ನಡುವೆ ಒಂದು ಕಪ್ಪು ಚುಕ್ಕೆ.

"ಭಾಗ್ಯವಂತಿ ತಾಯಿಗಿ ಹೇಳಿದ್ಯಾ, ಚಿಮ್ಮವ್ವ?"

"ಏನಂತ?"

"ಹೋಗಿ ಬರ್ತೇನಿ ಅಂತ. ಬರೀ 'ಹೋಗ್ತೇನಿ' ಅನ್ನಬ್ಯಾಡ ಮತ್ತ. ಹಂಗ ಅನ್ನೋರು ಸುಡಗಾಡಿಗಿ ಹೋಗೋರು."

ಚಿಮ್ಮವ್ವ ಹೊಳೆಯ ಕಡೆ ನೋಡಿದಳು. ಎರಡು ವರ್ಷ ಪ್ರತಿ ಮುಂಜಾನೆ ಹೊಲಕ್ಕೆ ಹೊರಡುವಾಗ ಆಕೆ ಹೊಸ್ತಿಲಲ್ಲಿ ನಿಂತು "ಹೋಗಿ ಬರ್ತೇನಿ" ಎಂದಿದ್ದಳು. ಪ್ರತಿ ಸಂಜೆ ಬಂದಿದ್ದಳು. ಆ ಮಾತು ಆಕೆಯ ಬಾಯಲ್ಲಿ ಒಮ್ಮೆಯೂ ಸುಳ್ಳಾಗಿರಲಿಲ್ಲ. ಈಗ ಅದನ್ನು ಹ್ಯಾಗೆ ಆಡುವುದು? ಕೆಲಸ ಮುಗಿದಿದೆ, ಮತ್ತೆ ಕರೆಯುತ್ತೇವೆಂದು ಯಾರೂ ಹೇಳಿಲ್ಲ, ನಡುವೆ ಒಂದು ಸಮುದ್ರವಿದೆ.

ಮಾಳಿಂಗಪ್ಪನಿಗೆ ಸುಮ್ಮನಿರಲು ಬಾರದು. ದಾರಿಯಲ್ಲಿ ತನ್ನ ಹೊಲದ ಬದಿಗೆ ಗಾಡಿ ನಿಲ್ಲಿಸಿ, ಹಾಲುಗಾಳಿನ ಜೋಳದ ತೆನೆ ಮುರಿದು ತಂದು, ಕುಳ್ಳು ಬೆಂಕಿಯ ಮೇಲೆ ಸುಟ್ಟು, ಕಂಬಳಿಯಲ್ಲಿ ಹಾಕಿ ಬಡಿದ. ಹಸಿರು ಮುತ್ತಿನಂಥ ಸೀತನಿ ಉದುರಿತು. ಬಿಸಿ ಬಿಸಿ ಸೀತನಿ, ಮೇಲೆ ಶೇಂಗಾ ಹಿಂಡಿ. ಚಿಮ್ಮವ್ವ ಎರಡು ಕೈಯಲ್ಲಿ ಬಾಚಿಕೊಂಡಳು. ತಿಂದ ಮೇಲೆ ಕಂಬಳಿ ಕೊಡವುವಾಗ ಆಕೆಗೆ ಥಟ್ಟನೆ ಹೊಳೆಯಿತು.

"ಮಾಳಿಂಗಪ್ಪಾ! ಇಲ್ಲೇ ತಿಂದೆ, ಇಲ್ಲೇ ಬಿಟ್ಟೆ! ಭಾಂಡಿ ಬರಲೇ ಇಲ್ಲ ನೋಡು!"

"ಯಾವ ಭಾಂಡಿ ಮಾರಾಯ್ತಿ?"

ಬುಧವಾರ ಬೆಳಗಾದದ್ದೇ ತಡ, ಚಿಮ್ಮವ್ವ ಬುಟ್ಟಿ ಹೊತ್ತು ಹೊರಟಳು. ಈ ಸಲ ಯಾರ ಮನೆಗೆ ಹೋದರೂ, "ನಂಗ ಹಸಿವಾಗ್ಯದ," ಎಂದು ಅಡುಗೆಮನೆಯ ಹೊಸ್ತಿಲಲ್ಲೇ ಚಕ್ಕಳಮಕ್ಕಳ ಹಾಕಿದಳು. ಅವರು ತಿರುಗಿ ತುಂಬಿದ್ದನ್ನು ಅಲ್ಲೇ ಉಂಡಳು, ಉಂಡ ಭಾಂಡಿಯನ್ನು ಅವರದೇ ಬಚ್ಚಲಲ್ಲಿ ತೊಳೆದು, ಅವರದೇ ಗೋಡೆಯ ಮಾಡಿನಲ್ಲಿ ಬೋರಲಿಟ್ಟಳು. ಶಿವಕಾಂತಾಳ ಮನೆಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ. ಮುಂದಿನ ಮನೆಯಲ್ಲಿ ಉದುರು ಬ್ಯಾಳಿ. ಅದರ ಮುಂದಿನದರಲ್ಲಿ ಬೆಲ್ಲ ಬೆರೆಸಿದ ಮಾಲ್ದಿ. ತಿನ್ನುತ್ತ ತಿನ್ನುತ್ತ ಆಕೆಗೆ ಒಂದು ವಿಚಿತ್ರ ಕಂಡಿತು: ಇಷ್ಟು ದಿನ ತನ್ನ ಕೋಣೆಯಲ್ಲಿ ಒಬ್ಬಳೇ ಕೂತು ಉಂಡ ರುಚಿಗಿಂತ ಅವರ ಹೊಗೆ, ಅವರ ಬೈಗುಳ, ಅವರ ಮಕ್ಕಳ ಗಲಾಟೆಯ ನಡುವೆ ಉಂಡ ರುಚಿ ಹೆಚ್ಚು. ಜೀನತಳ ಮನೆಯ ಹಾಗೆ ಎಲ್ಲರ ಮನೆಯಲ್ಲೂ ಮೊದಲೇ ಯಾಕೆ ಹೀಗೆ ಕೂರಲಿಲ್ಲ!

ಕೊನೆಗೆ ಜೀನತ. ತಟ್ಟೆಯಲ್ಲಿ ಮೀನಿನ ಹುಳಿ ಬಿದ್ದಾಗ ಚಿಮ್ಮವ್ವ ಸೊಂಟದ ಚಿತೆಂಜೆ ಸಡಿಲಿಸಿಕೊಂಡಳು. ಅದು ಅವರ ಊರಿನ ಹೆಣ್ಣುಮಕ್ಕಳು ಸುತ್ತುವ ಬಣ್ಣದ ಅರಿವೆ.

"ಸಾಕು ಜೀನತ, ಇನ್ನ ಹೊಟ್ಟಿ ಒಡೀತದ."

"ಒಡೀಲಿ. ವಿಮಾನದಾಗ ಇವೆಲ್ಲ ಎಲ್ಲಿ ಸಿಗ್ತಾವ?" ಎಂದು ಜೀನತ ಇನ್ನೊಂದು ತುಂಡು ಹಾಕಿದಳು. ಆಮೇಲೆ ತೊಳೆದಿಟ್ಟ ಡಬ್ಬಿಯನ್ನು ಕಂಡು ಗಕ್ಕನೆ ನಿಂತಳು. "ಓಹೋ... ಇದಕ್ಕ ಬಂದಿದ್ಯಾ? ಲೆಕ್ಕ ಚುಕ್ತಾ ಮಾಡಾಕ? ಭಾಳ ಚಾಲಾಕಿ ಇದ್ದಿ ಬಿಡು!" ಬೈಯುತ್ತಲೇ ಆಕೆಯ ಕೆನ್ನೆ ಹಿಡಿದು ಲಟಿಕೆ ಮುರಿದಳು.

ಸಂಜೆಗೆ ಕೋಣೆಯಲ್ಲಿ ಉಳಿದದ್ದು ಆಳಂದದ ಆ ಹಿತ್ತಾಳಿ ಬಟ್ಟಲ ಒಂದೇ.

ದೀಪ ಹಚ್ಚುವ ಹೊತ್ತಿಗೆ ಹೀರಾಬಾಯಿ ಪೂಜೆಗೆ ಕೂತು ವಚನ ಹೇಳುತ್ತಿದ್ದಳು. ಹಾಡಲ್ಲ, ಮಾತೂ ಅಲ್ಲ. ನಡುವಿನ ಒಂದು ನಡಿಗೆ. ಚಿಮ್ಮವ್ವ ದಿನವೂ ಹೊಸ್ತಿಲ ಈಚೆ ಗೋಡೆಗೊರಗಿ ಕೇಳುವಳು. ಮೊದಮೊದಲು ಒಂದು ಪದವೂ ತಿಳಿಯದಾಗಲೂ ಕೇಳಿದ್ದಳು, ಏಕೆಂದರೆ ಆ ಏರಿಳಿತ ಆಕೆಗೆ ಗೊತ್ತಿತ್ತು. ಜೋಂಬಾದಲ್ಲಿ ಆಕೆಯ ಅಜ್ಜಿ ಅಕ್ಷರ ಬಾರದಿದ್ದರೂ ಬೈಬಲಿನ ಕೀರ್ತನೆಗಳನ್ನು ಬಾಯಿಪಾಠದಿಂದ ಹೀಗೆಯೇ ಹೇಳುತ್ತಿದ್ದಳು. ಸಾಲಿನ ಕೊನೆಗೆ ಹೀಗೆಯೇ ಉಸಿರು ಬಿಡುತ್ತಿದ್ದಳು. ದೇವರ ಹೆಸರು ಬೇರೆ, ಉಸಿರು ಅದೇ.

ವಚನ ಮುಗಿಸಿ ಹೀರಾಬಾಯಿ ಕೇಳಿದಳು, "ನಾಳಿ ಮುಂಜಾನಿ ಹೊಸ್ತಿಲದಾಗ ನಿಂತು ಏನಂತಿ?"

ಮಾಳಿಂಗಪ್ಪ ಹೇಳಿಬಿಟ್ಟಿದ್ದಾನೆ! ಚಿಮ್ಮವ್ವ ಮೆಲ್ಲಗೆ ಅಂದಳು, "ಆಯಿ, ಆ ಮಾತು ನಂಗ ಬಾಯಿಗಿ ಬರಂಗಿಲ್ಲ."

"ಯಾಕ?"

ಆಗ ಆಕೆ ಅಜ್ಜನ ಕಥೆ ಹೇಳಿದಳು. ಆ ಕಾಲಕ್ಕೆ ಅವರ ಊರಿನ ಗಂಡಸರು ದಕ್ಷಿಣದ ಬಂಗಾರದ ಗಣಿಗಳಿಗೆ ದುಡಿಯಲು ಹೋಗುತ್ತಿದ್ದರು. ಅಜ್ಜನೂ ಹೋದ. ದಾರಿಯ ಬುತ್ತಿಗೆ ಮನೆಯಲ್ಲಿ ಪಾತ್ರೆ ಇರಲಿಲ್ಲ. ನೆರೆಮನೆಯ ನೀಲಿ ಬಣ್ಣದ ಮುಚ್ಚಳದ ಪಾತ್ರೆ ಕೇಳಿ ತಂದರು. "ಬಂದು ಕೊಡುತ್ತೇನೆ," ಎಂದು ನೆರೆಯವಳಿಗೆ ಹೇಳಿ ಹೋದವ ಬರಲೇ ಇಲ್ಲ. ಹೀಗೆ ಹೋಗಿ ಬಾರದವರಿಗೆ ಅವರಲ್ಲಿ 'ಮಚೋನಾ' ಎನ್ನುತ್ತಾರೆ. ಸತ್ತವನೆಂದು ಅಳುವ ಹಾಗಿಲ್ಲ, ಇದ್ದಾನೆಂದು ಕಾಯುವ ಹಾಗಿಲ್ಲ. ಅಜ್ಜಿ ನೀರಿಗೆ ಹೋದಾಗಲೆಲ್ಲ ಆ ನೆರೆಯವಳು ಏನೂ ಕೇಳುತ್ತಿರಲಿಲ್ಲವಂತೆ, ನೋಡುತ್ತಿದ್ದಳಂತೆ, ಅಷ್ಟೇ.

"ಅದಕ್ಕ ಅಜ್ಜಿ ಹೇಳ್ಯಾಳ, ಬರ್ತೇನಿ ಅಂತ ಸುಳ್ಳ ಹೇಳಬ್ಯಾಡ. ಮತ್ತೊಬ್ಬರ ಭಾಂಡಿ ಹೊತ್ತು ಊರು ಬಿಡಬ್ಯಾಡ." ಚಿಮ್ಮವ್ವ ಬಟ್ಟಲನ್ನು ಮಡಿಲಲ್ಲಿ ತಿರುಗಿಸುತ್ತಿದ್ದಳು. "ನಾ ಮಚೋನಾ ಆಗಬಾರದು ಆಯಿ. ಇಲ್ಲೂ ಆಗಬಾರದು."

ಹೀರಾಬಾಯಿ ದೀಪದ ಕಡೆ ಬಾಗಿದಳು. ಬತ್ತಿ ಮುಂದೆ ದೂಡಿದಳು.

"ಆ ನೀಲಿ ಭಾಂಡಿ ಒಯ್ದಾಗ ಖಾಲಿ ಇತ್ತೋ, ತುಂಬಿತ್ತೋ?"

"ತುಂಬಿತ್ತು. ಅಜ್ಜಿ ಬುತ್ತಿ ತುಂಬಿ ಕೊಟ್ಟಿದ್ಲು."

"ಹ್ಞೂಂ," ಎಂದಳು ಹೀರಾಬಾಯಿ. "ಅಲ್ಲೇ ತಪ್ಪಿತು ನೋಡು. ತುಂಬಿದ್ದನ್ನ ಒಯ್ದಾವ ಉಂಡು ಮರೀತಾನ. ಖಾಲಿದು ಕೊಡಬೇಕಾಗಿತ್ತು." ಅಷ್ಟು ಹೇಳಿ ವಿಭೂತಿ ಹಚ್ಚಿಕೊಂಡು ಎದ್ದು ಹೋದಳು. ಚಿಮ್ಮವ್ವನಿಗೆ ಆ ಮಾತಿನ ಬುಡ ತಿಳಿಯಲಿಲ್ಲ.

ಗುರುವಾರ ಬೆಳಕು ಹರಿಯುವ ಮೊದಲೇ ಓಣಿಗೆ ಎಚ್ಚರವಾಗಿತ್ತು. ಸೂಟ್‌ಕೇಸಿಗೆ ಜಗದೇವಪ್ಪ ತನ್ನ ಎತ್ತಿನ ಹಗ್ಗ ಸುತ್ತಿ, ಬಿಚ್ಚಲಾರದ ಗಂಟು ಹಾಕಿದ. "ಹೈದರಾಬಾದಿನ ವಿಮಾನದೋರು ಇದನ್ನ ಬಿಚ್ಚಿದ್ರ ನನ್ನ ಮೀಸಿ ಬೋಳಿಸ್ತೇನಿ!" ಶಾಂಭವಿ ಆಕೆಯ ಚಿತೆಂಜೆಯ ಸೆರಗನ್ನೇ ಒಡ್ಡಿಸಿ ಜೋಳ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿದಳು. ಶಿವಕಾಂತಾ ಬಂದಳು, ಜೀನತ ಬಂದಳು. ಇಬ್ಬರ ಕೈಯಲ್ಲೂ ಬುತ್ತಿಯ ಗಂಟು ಇತ್ತು, ಆದರೆ ಪ್ಲಾಸ್ಟಿಕ್ ಚೀಲದಲ್ಲಿ.

"ಭಾಂಡಿ ಅಲ್ಲ, ಹೆದರಬ್ಯಾಡ!" ಎಂದಳು ಜೀನತ. "ಬದನಿಕಾಯಿನೂ ಅಲ್ಲ!" ಓಣಿಯೆಲ್ಲ ನಕ್ಕಿತು. ಹೀರಾಬಾಯಿಯೂ ನಕ್ಕಳು.

ಟಂಟಂ ಬಂದು ನಿಂತು ಪೀಪಿ ಊದಿತು. ಆಗಲೇ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಪಟಪಟ ಎದ್ದಿತ್ತು. ಚಿಮ್ಮವ್ವ ಕಣ್ಣು ಮುಚ್ಚಿ ಆ ಚಪ್ಪಾಳೆ ಕೇಳಿಸಿಕೊಂಡಳು. ಸಂಜೆಗೆ ವಿಮಾನ, ಅದರಾಚೆ ಹೊಸ ಹಲ್ಲಿನ ಮಗಳು! ಕಣ್ಣು ತೆರೆದು, ಕೊನೆಯ ಕೆಲಸಕ್ಕೆಂದು ಹಿತ್ತಾಳಿ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ತಾನೇ ಬಿತ್ತಿ, ತಾನೇ ಒಕ್ಕಿದ ತೊಗರಿ ಅದರ ತುಂಬ ಗೋಪುರವಾಗಿತ್ತು. ಬಟ್ಟಲ ಮೊದಲ ದಿನದ ಹಾಗೆ ಬಂಗಾರವಾಗಿತ್ತು.

ಹೀರಾಬಾಯಿ ಹೊಸ್ತಿಲೊಳಗೆ ನಿಂತಿದ್ದಳು.

"ಹೋಗಿ ಬರ್ತೇನಿ ಅನ್ನು."

ಚಿಮ್ಮವ್ವ ತಲೆ ತಗ್ಗಿಸಿದಳು. ಬಟ್ಟಲನ್ನಷ್ಟೇ ಮುಂದೆ ಹಿಡಿದಳು. "ನಿಮ್ಮದು ಆಯಿ. ಖಾಲಿ ಇಲ್ಲ. ನೋಡ್ರಿ, ನಂದೋಲೋ."

"ನಂದೋ ಲೋ!" ಎಂದ ಹಿಂದಿನಿಂದ ಜಗದೇವಪ್ಪ, ರೂಢಿಯ ಮೇಲೆ. ಈ ಸಲ ಯಾರೂ ನಗಲಿಲ್ಲ.

ಹೀರಾಬಾಯಿ ಸೆರಗಿನ ಉಡಿ ಒಡ್ಡಿದಳು. ಬಟ್ಟಲ ಇಸಿದುಕೊಂಡು, ತೊಗರಿಯನ್ನು ಸರ್ರನೆ ಉಡಿಗೆ ಸುರಿದುಕೊಂಡಳು. ಒಂದು ಕಾಳು ಅಂಟಿತ್ತು. ಅದನ್ನೂ ಬೆರಳಿನಿಂದ ಬಿಡಿಸಿಕೊಂಡಳು. ಮೂರು ಬೆರಳಿನಿಂದ ಒಳಗೆಲ್ಲ ಸವರಿ, ಬೋರಲು ಮಾಡಿ ತಟ್ಟಿ ನೋಡಿ, ಬಟ್ಟಲನ್ನು ತಿರುಗಿ ಚಿಮ್ಮವ್ವನ ಕೈಯಲ್ಲಿಟ್ಟಳು.

ಚಿಮ್ಮವ್ವ ಕಣ್ಣು ಕಿಸಿದು ನೋಡಿದಳು. "ಆಯಿ, ಇದು..."

"ಬಟ್ಟಲ."

"ಖಾಲಿ ಅದ."

"ನಂಗ ಇನ್ನೂ ಕಣ್ಣು ಕಾಣ್ತಾವಬೇ."

ಹೊರಗೆ ಮಾಳಿಂಗಪ್ಪ ಮತ್ತೆ ಪೀಪಿ ಊದಿದ. ಅಫಜಲಪುರದ ಬಸ್ಸು ಕಾಯುವುದಿಲ್ಲ. ಶಿವಕಾಂತಾ ಬಾಯಿಗೆ ಸೆರಗು ಒತ್ತಿ ಹಿಡಿದಳು. ಜೀನತ ಕೈ ಕಟ್ಟಿ ನಿಂತು, ಎಲ್ಲ ತಿಳಿದವಳಂತೆ ತಲೆಯಾಡಿಸಿದಳು. ಚಿಮ್ಮವ್ವನಿಗೆ ಈಗ ನಿನ್ನೆಯ ಮಾತಿನ ಬುಡ ಹೊಳೆಯಿತು. ಅಳುವೋ ನಗುವೋ ಗಂಟಲಲ್ಲಿ ಚಿಮ್ಮಿತು.

"ನಿಮ್ಮ ತವರಿನದು ಆಯಿ ಇದು, ಆಳಂದದ್ದು," ಎಂದಳು ಗೋಗರೆದು. "ಎಷ್ಟ ದೂರ ಅದ ನಮ್ಮ ಊರು! ಕೈ ಮುಗೀತೇನಿ, ತೊಗೋರಿ."

ಹೀರಾಬಾಯಿ ಎರಡೂ ಕೈಯಿಂದ ತನ್ನ ಉಡಿಯನ್ನು ಎದೆಗವಚಿ ಹಿಡಿದು, ಒಂದು ಹೆಜ್ಜೆ ಹಿಂದೆ ಸರಿದಳು.

"ತೊಗೊಳಂಗಿಲ್ಲ," ಎಂದಳು. "ಖಾಲಿ ಭಾಂಡಿ ನಮ್ಮ ಮನ್ಯಾಗ ಯಾರೂ ಹಿಡಿಯಂಗಿಲ್ಲ."